ಕೃತಿಭಂಗವೋ, ಪ್ರಯೋಗವೋ?

ಒಬ್ಬನು ರಚಿಸಿದ ಕೃತಿಯ ಮೇಲೆ ಮತ್ತೊಬ್ಬನು ಕೈಮಾಡಿ, ಅದನ್ನು ಒಡೆದೋ ಅಳಿಸಿಯೋ, ‘ಇದೂ ಒಂದು ಕಲಾಪ್ರಯೋಗವೇ’ ಎಂದು ಹೇಳಿಕೊಂಡರೆ ಆ ಮಾತನ್ನು ಯಾವ ಒರೆಗಲ್ಲಿಗೆ ತಿಕ್ಕಿ ನೋಡಬೇಕು? ಶಿಲ್ಪದ ಅಥವಾ ತೈಲಚಿತ್ರದ ವಿಷಯದಲ್ಲಿ ಈ ಪ್ರಶ್ನೆ ಏಳುವುದು ಅಪರೂಪ. ಬೇಲೂರಿನ ಮದನಿಕೆಯ ಬೆರಳು ಮುರಿದವನನ್ನು ಕಲಾವಿದನೆಂದು ಕರೆಯಲು ಯಾರ ನಾಲಗೆಯೂ ಏಳದು. ಆದರೆ ಕೃತಿಯ ಸಾರವು ವಸ್ತುವಿನಲ್ಲಿಲ್ಲ, ಅದರ ಹಿಂದಿರುವ ಆಲೋಚನೆಯಲ್ಲಿದೆ ಎಂದು ಸಾರುವ ಪರಿಕಲ್ಪನಾ ಕಲೆಯಲ್ಲಿ ಇದು ಜಟಿಲವಾಗುತ್ತದೆ. ವಸ್ತು ಮುಖ್ಯವಲ್ಲವಾದರೆ ವಸ್ತುವಿಗಾದ ಗಾಯವೂ ಮುಖ್ಯವಲ್ಲವಷ್ಟೆ ಎಂಬುದು ಪೂರ್ವಪಕ್ಷ. ಈ ಪಕ್ಷವನ್ನು ನಗೆಯಾಡಿ ತಳ್ಳಿಹಾಕುವುದು ಸುಲಭ. ಆದರೆ ಇದರ ಹಿಂದೆ ಗಂಭೀರವಾದ ವಿಷಯವೊಂದು ಅಡಗಿರುವುದರಿಂದ ಇದನ್ನು ಪರೀಕ್ಷಿಸುವುದು ಅವಶ್ಯಕ.

ಈ ಬಗೆಯ ಕಲೆಗೆ ಮೂಲಪುರುಷನೆಂದು ಎಣಿಸಲ್ಪಡುವವನು ಫ್ರಾನ್ಸಿನ ಮಾರ್ಸೆಲ್ ದ್ಯೂಶಾಂ. ೧೯೧೭ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಆತನು ಪಿಂಗಾಣಿಯ ಮೂತ್ರಪಾತ್ರೆಯೊಂದನ್ನು, ಕಲ್ಪಿತ ಹೆಸರಿನ ರುಜು ಹಾಕಿ, ‘ಚಿಲುಮೆ’ ಎಂಬ ನಾಮಾಂಕಿತದೊಡನೆ ಕಳುಹಿಸಿದನು. ಪ್ರದರ್ಶನದವರು ಅದನ್ನು ಇಡಲೊಪ್ಪಲಿಲ್ಲ, ಮೂಲವಸ್ತುವೂ ಕಳೆದುಹೋಯಿತು. ೧೯೬೪ರಲ್ಲಿ ಆತನ ಒಪ್ಪಿಗೆಯಿಂದ ಮಾಡಿಸಿದ ಪ್ರತಿಗಳು ಈಗ ಹಲವು ಸಂಗ್ರಹಾಲಯಗಳಲ್ಲಿವೆ. ಇಂತಹ ಕಲೆಯು ದೂರದೇಶದ ಸರಕೆಂದು ತಿಳಿಯಬೇಕಾಗಿಲ್ಲ. ಚನ್ನಗಿರಿಗೆ ನೆರೆಯ ಭದ್ರಾವತಿಯಲ್ಲಿ ೧೯೫೭ರಲ್ಲಿ ಜನಿಸಿದ ಶೀಲಾ ಗೌಡ ಅವರು ಸಗಣಿ, ಕುಂಕುಮ, ಸೂಜಿದಾರಗಳಿಂದ ಕೃತಿಗಳನ್ನು ರಚಿಸಿ ಲೋಕವಿಖ್ಯಾತರಾದವರು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ತಲೆಗೂದಲಿನ ಹುರಿಯನ್ನೂ ವಾಹನಗಳ ಬಂಪರುಗಳನ್ನೂ ಕೂಡಿಸಿ ಅವರು ಮಾಡಿದ ಕೃತಿಯು ೨೦೦೯ರಲ್ಲಿ ವೆನಿಸ್ಸಿನ ಮಹಾಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಕೂದಲಿನ ಹುರಿಗೆ ಬದಲಾಗಿ ನೈಲಾನ್ ಹಗ್ಗವನ್ನು ಕಟ್ಟಿದರೆ ಆಲೋಚನೆ ಉಳಿಯುವುದೆ? ಉಳಿಯದು. ಕೂದಲು ಕೂದಲಾಗಿರುವುದರಿಂದಲೇ ಅದರಲ್ಲಿ ಭಯವೂ ಭಕ್ತಿಯೂ ಅಸಹ್ಯವೂ ಸೇರಿಕೊಂಡಿವೆ. ಪರಿಕಲ್ಪನಾ ಕಲೆಯಲ್ಲಿ ವಸ್ತುವು ಸಾಮಾನ್ಯವಾಗಿರಬಹುದು, ನಗಣ್ಯವಾಗಿರುವುದಿಲ್ಲ. ಪೂರ್ವಪಕ್ಷದ ಮೊದಲ ಕಂಬ ಇಲ್ಲಿಯೇ ಅಲುಗುತ್ತದೆ.

ಆದರೂ ಅದರ ಬಲವಾದ ಉದಾಹರಣೆಯನ್ನು ನೋಡಬೇಕು. ಪಿಯೇರ್ ಪಿನೊನ್ಸೆಲಿ ಎಂಬ ಫ್ರೆಂಚ್ ಕಲಾವಿದನು ೧೯೯೩ರಲ್ಲಿ ನೀಮ್ ನಗರದಲ್ಲಿ ‘ಚಿಲುಮೆ’ಯ ಪ್ರತಿಯೊಂದರೊಳಗೆ ಮೂತ್ರವಿಸರ್ಜನೆ ಮಾಡಿ ಅದನ್ನು ಸುತ್ತಿಗೆಯಿಂದ ಹೊಡೆದನು. ೨೦೦೬ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಪಾಂಪಿದು ಕೇಂದ್ರದಲ್ಲಿ ಮತ್ತೆ ಸುತ್ತಿಗೆಯೆತ್ತಿ ಅದರ ಅಂಚನ್ನು ಒಡೆದನು. ಪಾತ್ರೆಯನ್ನು ಅದರ ಮೂಲಕಾರ್ಯಕ್ಕೆ ಹಿಂದಿರುಗಿಸಿದ್ದಾಗಿಯೂ, ನೂರರಲ್ಲೊಂದಾಗಿದ್ದ ವಸ್ತುವನ್ನು ತನ್ನ ಪೆಟ್ಟಿನಿಂದ ಅದ್ವಿತೀಯವಾಗಿ ಮಾಡಿದ್ದಾಗಿಯೂ, ಪರಿಹಾಸಪ್ರಿಯನಾದ ದ್ಯೂಶಾಂ ಬದುಕಿದ್ದರೆ ಮೆಚ್ಚುತ್ತಿದ್ದನೆಂದೂ ಅವನು ವಾದಿಸಿದನು. ನ್ಯಾಯಾಲಯವು ಒಪ್ಪಲಿಲ್ಲ, ಅಮಾನತಿನಲ್ಲಿಟ್ಟ ಮೂರು ತಿಂಗಳ ಶಿಕ್ಷೆಯನ್ನೂ ದುರಸ್ತಿಯ ವೆಚ್ಚವನ್ನೂ ವಿಧಿಸಿತು. ೧೯೯೪ರಲ್ಲಿ ಲಂಡನಿನಲ್ಲಿ ಡೇಮಿಯನ್ ಹರ್ಸ್ಟನ ಕುರಿಮರಿಯನ್ನಿಟ್ಟಿದ್ದ ಗಾಜಿನ ತೊಟ್ಟಿಗೆ ಕಪ್ಪು ಶಾಯಿ ಸುರಿದವನಂತೂ ಅದಕ್ಕೆ ‘ಕಪ್ಪು ಕುರಿ’ ಎಂದು ಹೊಸ ಹೆಸರನ್ನೇ ಇಟ್ಟನು. ಅವನೂ ಅಪರಾಧಿಯೆಂದೇ ತೀರ್ಮಾನವಾಯಿತು.

ನ್ಯಾಯಾಲಯದ ತೀರ್ಪು ಸ್ವತ್ತಿಗೆ ಸಂಬಂಧಿಸಿದ್ದು. ವಿಮರ್ಶೆಯ ತೀರ್ಪು ಅಷ್ಟಕ್ಕೇ ನಿಲ್ಲಲಾಗದು. ಪಿನೊನ್ಸೆಲಿಯ ವಾದಕ್ಕೆ ಭಾರತೀಯ ಕಾವ್ಯಮೀಮಾಂಸೆಯಲ್ಲಿಯೂ ಆಸರೆ ದೊರೆಯುವಂತೆ ತೋರುತ್ತದೆ. ಕೃತಿಯು ಕವಿಯಿಂದ ಹುಟ್ಟಿ ಸಹೃದಯನಲ್ಲಿ ಪೂರ್ಣವಾಗುತ್ತದೆ ಎಂಬುದು ಆಲಂಕಾರಿಕರ ಮತ. ಹಾಗಾದರೆ ಸುತ್ತಿಗೆ ಹಿಡಿದವನೂ ತನ್ನ ರೀತಿಯಲ್ಲಿ ಕೃತಿಯನ್ನು ಪೂರ್ಣಗೊಳಿಸುವ ಸಹೃದಯನೇ ಅಲ್ಲವೆ? ಅಲ್ಲ. ಸಹೃದಯನು ಕಾವ್ಯವನ್ನು ತನ್ನೊಳಗೆ ಪೂರ್ಣಗೊಳಿಸುತ್ತಾನೆ. ಹೊರಗೆ ಕಾವ್ಯವು ಮುಂದಿನವನಿಗೆ ಅಖಂಡವಾಗಿ ಉಳಿದಿರುತ್ತದೆ. ಸಾವಿರ ಜನ ಓದಿದರೂ ಕುಮಾರವ್ಯಾಸನ ಕಾವ್ಯ ಒಂದು ಪದವನ್ನೂ ಕಳೆದುಕೊಳ್ಳುವುದಿಲ್ಲ. ಸುತ್ತಿಗೆಯವನಾದರೋ ತನ್ನ ಅರ್ಥವನ್ನು ಕೃತಿಯ ಮೈಮೇಲೆ ಕೆತ್ತಿ, ಮುಂದೆ ಬರುವವರೆಲ್ಲರೂ ಅದೊಂದನ್ನೇ ನೋಡುವಂತೆ ಮಾಡುತ್ತಾನೆ. ಅವನು ತಾನೇ ಕಡೆಯ ಸಹೃದಯನಾಗಲು ಹೊರಟವನು. ಪ್ರಯೋಗಕ್ಕೂ ಕೃತಿಭಂಗಕ್ಕೂ ಇರುವ ಭೇದದ ಬೇರು ಇಲ್ಲಿದೆ.

ಹಾಗೆಂದು ಕೃತಿಯನ್ನು ಅಳಿಸುವುದೆಲ್ಲ ಭಂಗವೇ ಎಂದು ಹೇಳಿದರೆ ಅದು ಇನ್ನೊಂದು ತುದಿಯ ತಪ್ಪಾದೀತು. ಹೊಸ್ತಿಲ ಮುಂದಿನ ರಂಗವಲ್ಲಿಯನ್ನು ನೋಡಿ. ಮನೆಗೆ ಬರುವವರ, ಹೋಗುವವರ ಕಾಲಿಗೆ ಸಿಕ್ಕಿ ಸಂಜೆಯೊಳಗೆ ಅದು ಮಾಸಿಹೋಗುತ್ತದೆ. ಬಿಡಿಸಿದ ಗೃಹಿಣಿ ಯಾರನ್ನೂ ಆಕ್ಷೇಪಿಸುವುದಿಲ್ಲ. ಆದರೆ ಒಬ್ಬನು ಬಂದು ನಿಂತು ಬೇಕೆಂದೇ ಅದನ್ನು ಕಾಲಿನಿಂದ ಒರಸಿದರೆ ಎರಡು ಮನೆಗಳ ನಡುವೆ ಹಗೆ ಹುಟ್ಟುತ್ತದೆ. ಅಳಿದ ಪುಡಿ ಅದೇ, ಅಳಿಸಿದ ಪಾದವೂ ಪಾದವೇ. ಜಗಳೂರಿನಿಂದ ಹೊನ್ನಾಳಿಯವರೆಗಿನ ಸೀಮೆಯ ವಾಚಕರಿಗೆ ಜೋಕುಮಾರನ ಪರಿಚಯವನ್ನೂ ಮಾಡಿಕೊಡಬೇಕಾಗಿಲ್ಲ. ಭಾದ್ರಪದದಲ್ಲಿ ಹುಟ್ಟುವ ಆ ಮಣ್ಣಿನ ಮೂರ್ತಿಯನ್ನು ಗಂಗಾಮತಸ್ಥ ಹೆಂಗಸರು ಬೇವಿನ ಸೊಪ್ಪಿನ ಬುಟ್ಟಿಯಲ್ಲಿಟ್ಟುಕೊಂಡು, ಹಾಡುತ್ತ, ಮನೆಮನೆಗೆ ಹೊತ್ತು ತರುತ್ತಾರೆ. ಬಾಯಿಗೆ ಬೆಣ್ಣೆ ಮೆತ್ತುತ್ತಾರೆ. ಏಳು ದಿನ ಮೆರೆದ ಮೇಲೆ ಅವನು ಹತನಾಗಲೇಬೇಕು. ಅವನ ಸಾವಿನಿಂದಲೇ ಮಳೆಬೆಳೆಯೆಂಬುದು ಜನರ ನಂಬಿಕೆ. ಮೂರ್ತಿಯ ನಾಶವು ಇಲ್ಲಿ ಕೃತಿಯ ಕೊನೆಯ ಅಂಕ. ಆದರೆ ಮೂರನೆಯ ದಿನವೇ ದಾರಿಹೋಕನೊಬ್ಬನು ಬುಟ್ಟಿಗೆ ಕಲ್ಲೆಸೆದು ಅದೇ ಮೂರ್ತಿಯನ್ನು ಒಡೆದರೆ ಊರಿನವರು ಅದನ್ನು ಆಚರಣೆಯೆಂದು ಒಪ್ಪುವರೆ? ಪೆಟ್ಟು ಒಂದೇ, ಕ್ರಿಯೆ ಬೇರೆ. ಮೊದಲನೆಯದಕ್ಕೆ ಕೃತಿಯೇ ತನ್ನೊಳಗೆ ಎಡೆಯಿಟ್ಟಿತ್ತು, ಎರಡನೆಯದಕ್ಕೆ ಇಟ್ಟಿರಲಿಲ್ಲ. ಮೇಲಾಗಿ, ವಿಧಿಯಂತೆ ಸತ್ತ ಜೋಕುಮಾರ ಬರುವ ವರ್ಷ ಮತ್ತೆ ಹುಟ್ಟುತ್ತಾನೆ.

ಹೀಗೆ ಎರಡು ಲಕ್ಷಣಗಳು ದೊರೆತವು. ಬಂದ ಕೈಗೆ ಕೃತಿಯಲ್ಲಿ, ಅಥವಾ ಕರ್ತೃವಿನ ಸಮ್ಮತಿಯಲ್ಲಿ, ಎಡೆಯಿತ್ತೆ ಎಂಬುದು ಒಂದು. ಆ ಕೈ ಹೋದ ಮೇಲೆ ಮುಂದಿನವನಿಗೆ ಕೃತಿ ಉಳಿಯಿತೆ ಎಂಬುದು ಮತ್ತೊಂದು. ಸಾಹಿತ್ಯದಲ್ಲಿಯೂ ಇವು ಸಲ್ಲುತ್ತವೆ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣಾರ್ಯನವರೆಗೆ ನಾಲ್ವರು ‘ಶೂನ್ಯಸಂಪಾದನೆ’ಗಳನ್ನು ರಚಿಸಿದರು. ಅನ್ಯರ ವಚನಗಳನ್ನು ಅವುಗಳ ಸ್ಥಾನದಿಂದ ಎತ್ತಿ, ಸಂವಾದವಾಗಿ ಹೊಂದಿಸಿ, ನಡುವೆ ತಮ್ಮ ಗದ್ಯವನ್ನು ಬೆಸೆದರು. ಇದಕ್ಕಿಂತ ದಿಟ್ಟವಾದ ಹಸ್ತಕ್ಷೇಪವು ಕನ್ನಡದಲ್ಲಿ ವಿರಳ. ಆದರೂ ಅದು ಮಹಾಕೃತಿಯೆನಿಸಿದೆ. ಏಕೆಂದರೆ ವಚನಕಾರರ ಅಂಕಿತಗಳು ಅಲ್ಲಿ ಬೆಳಗುತ್ತಲೇ ಇವೆ. ಇದಕ್ಕೆ ಪ್ರತಿಯಾಗಿ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಅಚ್ಚಾದಾಗ ನಾಡಿನಲ್ಲಿ ದೊಡ್ಡ ಕ್ಷೋಭೆಯುಂಟಾಯಿತು. ೧೯೯೮ರಲ್ಲಿ ಸರಕಾರವು ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಮುಟ್ಟುಗೋಲು ಸರಿಯಾದ ಮದ್ದೇ ಎಂಬುದು ಬೇರೆ ಚರ್ಚೆ. ಹಳೆಯ ಪಾಠವು ಇತರ ಮುದ್ರಣಗಳಲ್ಲಿ ಉಳಿದಿತ್ತೆಂಬುದೂ ನಿಜ. ಆದರೆ ಅಂಕಿತವು ವಚನದ ಹೊರಗಿನ ಅಲಂಕಾರವಲ್ಲ, ಅದರ ಒಳಗಿನ ಅಂಗವೆಂಬುದು ಆ ಪ್ರಸಂಗದಿಂದ ಎಲ್ಲರಿಗೂ ಮನದಟ್ಟಾಯಿತು.

ಇದೇ ಒರೆಗಲ್ಲಿಗೆ ಇನ್ನು ಕೆಲವು ಪ್ರಸಂಗಗಳನ್ನು ಹಚ್ಚಬಹುದು. ೧೯೫೩ರಲ್ಲಿ ಅಮೆರಿಕದ ತರುಣ ಕಲಾವಿದ ರಾಬರ್ಟ್ ರೌಷೆನ್‌ಬರ್ಗನು ಹಿರಿಯನಾದ ಡಿ ಕೂನಿಂಗನ ಬಳಿ ಹೋಗಿ, ಅಳಿಸುವುದಕ್ಕೆಂದೇ ಒಂದು ಚಿತ್ರವನ್ನು ಬೇಡಿದನು. ಹಿರಿಯನು ಮನಸ್ಸಿಲ್ಲದ ಮನಸ್ಸಿನಿಂದ, ಸುಲಭವಾಗಿ ಅಳಿಯದಂತಹ ಚಿತ್ರವನ್ನೇ ಆರಿಸಿ ಕೊಟ್ಟನು. ಚಿತ್ರ ಹೋಯಿತು, ಆದರೆ ಸಮ್ಮತಿಯಿಂದ ಹೋಯಿತು. ೨೦೧೯ರಲ್ಲಿ ಮಯಾಮಿಯಲ್ಲಿ ಮೌರಿಜ಼ಿಯೊ ಕತೆಲಾನನು ಗೋಡೆಗೆ ಅಂಟಿಸಿ ಮಾರಿದ ಬಾಳೆಯಹಣ್ಣನ್ನು ಡೇವಿಡ್ ದತೂನ ಎಂಬವನು ಎಲ್ಲರೆದುರಿಗೆ ಸುಲಿದು ತಿಂದನು. ಕೆಲವೇ ನಿಮಿಷಗಳಲ್ಲಿ ಬೇರೊಂದು ಹಣ್ಣು ಆ ಸ್ಥಳಕ್ಕೆ ಬಂದಿತು. ಕೊಳೆಯುವ ಹಣ್ಣನ್ನು ಬದಲಿಸುವುದು ಆ ಕೃತಿಯ ಕಟ್ಟಿನಲ್ಲಿಯೇ ಇದ್ದುದರಿಂದ ತಿಂದವನು ಕೃತಿಯನ್ನು ಕೊಲ್ಲಲಿಲ್ಲ. ವಿನೋದದ ಪ್ರಹಸನವೊಂದನ್ನು ಆಡಿದನು.

ಕಠಿನವಾದ ಪ್ರಸಂಗವು ೨೦೧೪ರದು. ಮಯಾಮಿಯ ಸಂಗ್ರಹಾಲಯವೊಂದರಲ್ಲಿ ಚೀನದ ಕಲಾವಿದ ಐ ವೇವೇಯವರು ಪುರಾತನ ಕುಂಭಗಳಿಗೆ ಹೊಸ ಬಣ್ಣ ಹಚ್ಚಿ ಇಟ್ಟಿದ್ದರು. ಹಿಂದಿನ ಗೋಡೆಯ ಮೇಲೆ, ಹಾನ್ ರಾಜವಂಶದ ಕಾಲದ ಕುಂಭವೊಂದನ್ನು ೧೯೯೫ರಲ್ಲಿ ಅವರೇ ನೆಲಕ್ಕೆ ಬಿಟ್ಟು ಒಡೆಯುತ್ತಿರುವ ಛಾಯಾಚಿತ್ರಗಳಿದ್ದವು. ಅದನ್ನು ನೋಡಿ ಮಾಕ್ಸಿಮೊ ಕಮಿನೇರೊ ಎಂಬ ಸ್ಥಳೀಯ ಕಲಾವಿದನು ಒಂದು ಕುಂಭವನ್ನೆತ್ತಿ ಒಡೆದು, ಸ್ಥಳೀಯರಿಗೆ ಅಲ್ಲಿ ಎಡೆಯಿಲ್ಲವೆಂಬುದಕ್ಕೆ ಇದು ಪ್ರತಿಭಟನೆಯೆಂದನು. ಆತನಿಗೆ ಶಿಕ್ಷೆಯಾಯಿತು. ಕೃತಿಯು ಆತನನ್ನು ಕರೆದಿರಲಿಲ್ಲ, ಕುಂಭವೂ ಮರಳಿ ಬಾರದು; ಆದುದರಿಂದ ಅದು ಭಂಗವೇ ಸರಿ. ಆದರೆ ಅದೇ ಅಳತೆಗೆ ಐ ವೇವೇಯವರೂ ನಿಲ್ಲಬೇಕಾಗುತ್ತದೆ. ತಾವು ಒಡೆದ ಕುಂಭವು ತಮ್ಮದೇ ಸ್ವತ್ತೆಂಬುದು ಅವರ ಸಮಾಧಾನ. ಸ್ವತ್ತು ಅವರದಾಗಿರಬಹುದು, ಎರಡು ಸಾವಿರ ವರ್ಷಗಳ ಹಿಂದಿನ ಕುಂಬಾರನ ಸಮ್ಮತಿ ಅವರ ಬಳಿ ಇರಲಿಲ್ಲ. ಹಳೆಯದನ್ನು ನಾಶಮಾಡುವ ರಾಜ್ಯಶಕ್ತಿಯ ವಿಡಂಬನೆಯೆಂದು ಅವರ ಕೃತಿಗೆ ಬೆಲೆಕಟ್ಟುವವರೂ ಆ ಕುಂಭದ ನಷ್ಟವನ್ನು ಲೆಕ್ಕದಲ್ಲಿ ಬರೆಯಲೇಬೇಕು.

ಎಡೆಯಿಟ್ಟ ಕೃತಿಗೆ ಕನ್ನಡ ನಾಡಿನ ಉತ್ತಮ ಉದಾಹರಣೆಯೆಂದರೆ ಬಾದಲ್ ನಂಜುಂಡಸ್ವಾಮಿಯವರ ಬೀದಿಕೃತಿಗಳು. ೨೦೧೫ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯ ದೊಡ್ಡ ಹೊಂಡವನ್ನು ಅವರು ಬಣ್ಣದಿಂದ ಕೊಳವಾಗಿಸಿ, ಅದರಲ್ಲಿ ಮೊಸಳೆಯೊಂದನ್ನು ಮಲಗಿಸಿದರು. ೨೦೧೯ರಲ್ಲಿ ಹೊಂಡಗಳಿಂದ ತುಂಬಿದ ಮತ್ತೊಂದು ರಸ್ತೆಯ ಮೇಲೆ ಗಗನಯಾತ್ರಿಯ ವೇಷದವನನ್ನು ಚಂದ್ರನ ನೆಲದ ಮೇಲೆ ಎಂಬಂತೆ ನಡೆಯಿಸಿದರು. ನಗೆಪಾಟಲಾದ ಪಾಲಿಕೆಯು ಬೇಗನೆ ರಸ್ತೆಯನ್ನು ದುರಸ್ತಿ ಮಾಡಿಸಿತು. ಹೊಂಡ ಮುಚ್ಚಿದೊಡನೆ ಕೃತಿಯೂ ಮುಚ್ಚಿತು; ಆದರೆ ಆ ಡಾಂಬರನ್ನು ಕೃತಿಭಂಗವೆಂದು ಯಾರೂ ಕರೆಯರು. ಆ ಕೃತಿಯು ಕಾದಿದ್ದುದೇ ಆ ಕೈಗಾಗಿ. ಹೊಂಡವನ್ನು ಹಾಗೆಯೇ ಬಿಟ್ಟು ಬಣ್ಣವನ್ನಷ್ಟೇ ಉಜ್ಜಿ ಅಳಿಸಿದ್ದರೆ ಅದು ಭಂಗವಾಗುತ್ತಿತ್ತು. ಪರಿಕಲ್ಪನಾ ಕಲೆಯನ್ನು ಹೇಗೆ ಓದಬೇಕೆಂಬುದಕ್ಕೆ ಇಷ್ಟು ಸ್ಪಷ್ಟವಾದ ಪಾಠ ದೊರೆಯುವುದು ಕಷ್ಟ.

ಭಾರತದ ಕಾನೂನೂ ಇದೇ ದಿಕ್ಕಿಗೆ ಮುಖಮಾಡಿದೆ. ೧೯೫೭ರ ಕೃತಿಸ್ವಾಮ್ಯ ಶಾಸನದ ೫೭ನೆಯ ಪ್ರಕರಣವು, ಕೃತಿಯನ್ನು ಮಾರಿದ ಮೇಲೆಯೂ, ತನ್ನ ಗೌರವಕ್ಕೆ ಕುಂದು ತರುವ ವಿರೂಪವನ್ನು ತಡೆಯುವ ಹಕ್ಕನ್ನು ಕರ್ತೃವಿನಲ್ಲಿ ಉಳಿಸಿದೆ. ಶಿಲ್ಪಿ ಅಮರನಾಥ ಸೆಹಗಲ್ ಅವರು ದೆಹಲಿಯ ವಿಜ್ಞಾನ ಭವನಕ್ಕಾಗಿ ರಚಿಸಿದ್ದ ಕಂಚಿನ ಭಿತ್ತಿಶಿಲ್ಪವನ್ನು ಸರಕಾರವು ೧೯೭೯ರಲ್ಲಿ ಕಿತ್ತುಹಾಕಿತು. ದೆಹಲಿಯ ಉಚ್ಚ ನ್ಯಾಯಾಲಯವು ೨೦೦೫ರಲ್ಲಿ ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಬೇಕೆಂದೂ ೫ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತೀರ್ಮಾನಿಸಿತು. ಒಡೆತನ ಬೇರೆ, ಕರ್ತೃತ್ವ ಬೇರೆ ಎಂಬ ತತ್ತ್ವವು ಇದರಿಂದ ದೃಢವಾಯಿತು.

ಈ ಚರ್ಚೆ ಕೇವಲ ಪಂಡಿತರ ವಿನೋದವಲ್ಲ. ೧೯೯೬ರಲ್ಲಿ ಅಹಮದಾಬಾದಿನಲ್ಲಿ ಗುಂಪೊಂದು ಕಲಾಶಾಲೆಗೆ ನುಗ್ಗಿ ಹುಸೇನರ ಕೃತಿಗಳನ್ನು ನಾಶಮಾಡಿತು. ೨೦೧೩ರಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಬೆದರಿಕೆಗಳ ಕಾರಣದಿಂದ ಕೆಲವು ಚಿತ್ರಗಳನ್ನು ಗೋಡೆಯಿಂದ ಇಳಿಸಬೇಕಾಯಿತು. ಚತುರನಾದ ಪಿನೊನ್ಸೆಲಿಯ ಸುತ್ತಿಗೆಗೆ ‘ಪ್ರಯೋಗ’ವೆಂಬ ಬಿರುದನ್ನು ಕೊಟ್ಟ ಮೇಲೆ, ಕೋಪಗೊಂಡ ಗುಂಪಿನ ದೊಣ್ಣೆಗೆ ಅದನ್ನು ಯಾವ ಬಾಯಿಂದ ನಿರಾಕರಿಸುವುದು? ಅವರಿಗೂ ಒಂದು ಅಭಿಪ್ರಾಯವಿದೆ, ಪ್ರೇಕ್ಷಕರೂ ಇದ್ದಾರೆ, ಆವೇಶಕ್ಕಂತೂ ಕೊರತೆಯಿಲ್ಲ. ಅಭಿಪ್ರಾಯ, ಪ್ರೇಕ್ಷಕ, ಆವೇಶಗಳಿಂದಲೇ ಪ್ರಯೋಗವಾಗುವುದಾದರೆ ಒಡೆಯದೆ ಉಳಿಯುವ ಕೃತಿಯೇ ಇರಲಾರದು. ಕೃತಿಯನ್ನು ಒಪ್ಪದವನಿಗೆ ಖಂಡನೆ ಬರೆಯುವ ದಾರಿ ಇದೆ, ಅಣಕಿಸುವ ದಾರಿ ಇದೆ, ಎದುರಿಗೆ ಇನ್ನೊಂದು ಕೃತಿಯನ್ನು ನಿಲ್ಲಿಸುವ ದಾರಿಯೂ ಇದೆ. ಈ ದಾರಿಗಳಲ್ಲೆಲ್ಲ ಮೂಲಕೃತಿ ತನ್ನ ಸ್ಥಾನದಲ್ಲಿಯೇ ಇದ್ದು, ವಾದಿ ಪ್ರತಿವಾದಿಗಳಿಬ್ಬರನ್ನೂ ಪರೀಕ್ಷಿಸುವ ಅವಕಾಶವು ನಾಳೆ ಬರುವವನಿಗೆ ದೊರೆಯುತ್ತದೆ. ಆ ನಾಳಿನವನ ಪಾಲನ್ನು ಕಸಿದುಕೊಳ್ಳುವ ಅಧಿಕಾರವು ಎಷ್ಟೇ ಪ್ರತಿಭಾಶಾಲಿಯಾದ ಕೈಗೂ ಇಲ್ಲ.