ವಿಡಾಲ್ ರಿಪೋರ್ಟಿನ ಓದು

ಮಳೆಗಾಲ ಬಂತೆಂದರೆ ದಾವಣಗೆರೆಯ ಪಿ.ಜೆ. ಬಡಾವಣೆಯ ಕ್ಲಿನಿಕ್ಕುಗಳಲ್ಲಿ ಕೈಯಿಂದ ಕೈಗೆ ದಾಟುವ ಬರಹವೆಂದರೆ ಅರ್ಧ ಪುಟದ ವಿಡಾಲ್ ರಿಪೋರ್ಟು. ಆವರಗೆರೆಯಿಂದಲೋ ಹರಿಹರದಿಂದಲೋ ಮೂರು ದಿನದ ಜ್ವರ ಹೊತ್ತು ಬಂದವರಿಗೆ ಸಂಜೆಯೊಳಗೆ ಅದು ಸಿಗುತ್ತದೆ. ‘ಓ’ 1:80, ‘ಎಚ್’ 1:160. ಅಡಿಯಲ್ಲಿ, ರೋಗಲಕ್ಷಣದ ಜೊತೆ ಹೊಂದಿಸಿ ನೋಡಿ ಎಂಬರ್ಥದ ಒಂದು ಇಂಗ್ಲಿಷ್ ಸಾಲು. ಇಡೀ ಹಾಳೆಯಲ್ಲಿ ತೂಕದ ಮಾತು ಅದೊಂದೇ, ಅದನ್ನೇ ಯಾರೂ ಓದುವುದಿಲ್ಲ. ‘ಟೈಫಾಯ್ಡ್ ತೋರ್ಸೈತಿ’ ಅನ್ನುವಲ್ಲಿಗೆ ಓದು ಮುಗಿಯಿತು.

ಫ್ರಾನ್ಸಿನ ಫರ್ನಾಂಡ್ ವಿಡಾಲ್ 1896ರಲ್ಲಿ ಬಳಕೆಗೆ ತಂದ ಈ ಪರೀಕ್ಷೆ ರೋಗಾಣುವನ್ನು ಹುಡುಕುವುದೇ ಇಲ್ಲ. ಅದರ ವಿರುದ್ಧ ಮೈ ತಯಾರಿಸಿಕೊಂಡ ಪ್ರತಿಕಾಯಗಳನ್ನು ಹುಡುಕುತ್ತದೆ. 1:160 ಅಂದರೆ ಸೀರಮ್ಮನ್ನು ಅಷ್ಟು ತೆಳುಮಾಡಿದರೂ ಪ್ರತಿಕ್ರಿಯೆ ಕಾಣಿಸಿತು ಎಂದಷ್ಟೇ. ಹಿಂದೆಂದೋ ತಗುಲಿದ ಸೋಂಕು, ಹಾಕಿಸಿಕೊಂಡ ಲಸಿಕೆ, ಕೆಲವೊಮ್ಮೆ ಮಲೇರಿಯಾದಂಥ ಬೇರೆ ಜ್ವರ ಕೂಡ ಈ ಅಂಕಿಯನ್ನು ಏರಿಸಬಲ್ಲವು. ಟೈಫಾಯ್ಡ್ ನೆಲೆಯೂರಿರುವ ನಮ್ಮಂಥ ಕಡೆ ಒಂದೇ ಸಲದ ವಿಡಾಲ್ ನಂಬಿಕೆಗೆ ಸಾಲದು ಎಂದು ವೈದ್ಯರ ಪಠ್ಯಗಳೇ ಹೇಳುತ್ತವೆ.

ಲೆಕ್ಕ ಸರಳವಾಗಲೆಂದು ಅಂಕಿಗಳನ್ನು ನಾನೇ ಊಹಿಸಿಕೊಳ್ಳುತ್ತೇನೆ. ಜ್ವರದ 100 ಮಂದಿಯಲ್ಲಿ 10 ಜನಕ್ಕೆ ನಿಜಕ್ಕೂ ಟೈಫಾಯ್ಡ್. ಪರೀಕ್ಷೆ ಅವರಲ್ಲಿ 7 ಜನರನ್ನು ಹಿಡಿಯಿತು. ಉಳಿದ 90 ಜನರಲ್ಲಿ ಐದಕ್ಕೊಬ್ಬರಂತೆ 18 ಜನರನ್ನು ಸುಮ್ಮನೆ ಪಾಸಿಟಿವ್ ಅಂದಿತು. ಈಗ ಪಾಸಿಟಿವ್ ಚೀಟಿ ಹಿಡಿದವರು 25 ಜನ, ಟೈಫಾಯ್ಡ್ ಇರುವವರು 7 ಮಾತ್ರ. ಇನ್ನು, ವಾರದಿಂದ ದಿನೇ ದಿನೇ ಏರಿದ ಜ್ವರ, ಹೊಟ್ಟೆನೋವು, ಬಿಳಿ ನಾಲಿಗೆ ಎಲ್ಲ ನೋಡಿ ಆರಿಸಿದವರಿಗಷ್ಟೇ ಬರೆದುಕೊಟ್ಟರೆ? ಅಂಥ 100 ಜನರಲ್ಲಿ 50 ಮಂದಿಗೆ ರೋಗವಿದೆ ಅಂದುಕೊಳ್ಳಿ. ಆಗ 45 ಪಾಸಿಟಿವ್‌ಗಳಲ್ಲಿ 35 ನಿಜ. ಲ್ಯಾಬ್ ಅದೇ, ಕಿಟ್ ಅದೇ, 1:160 ಕೂಡ ಅದೇ. ರಕ್ತ ಕೊಡಲು ಯಾರನ್ನು ಕಳಿಸಿದರು ಎಂಬುದರ ಮೇಲೆ ರಿಪೋರ್ಟಿನ ಅರ್ಥವೇ ಬದಲಾಗುತ್ತದೆ. ಹೀಗಾಗಿ ಬಂದವರಿಗೆಲ್ಲ ವಿಡಾಲ್ ಬರೆಯುವ ವೈದ್ಯರು ತಮ್ಮ ಪರೀಕ್ಷೆಯನ್ನು ತಾವೇ ಕೆಡಿಸಿಕೊಳ್ಳುತ್ತಿದ್ದಾರೆ.

ಎಡವುವವರು ನಮ್ಮೂರಿನವರಷ್ಟೇ ಅಲ್ಲ. 1978ರಲ್ಲಿ ಅಮೆರಿಕದ ಹಾರ್ವರ್ಡ್‌ನ ಆಸ್ಪತ್ರೆಗಳಲ್ಲಿ ವೈದ್ಯರು, ವಿದ್ಯಾರ್ಥಿಗಳು ಸೇರಿ 60 ಮಂದಿಗೆ ಇಂಥದೇ ಪ್ರಶ್ನೆ ಕೇಳಿದ್ದರು: ಸಾವಿರಕ್ಕೊಬ್ಬರಿಗೆ ಬರುವ ರೋಗ, ಆರೋಗ್ಯವಂತರಲ್ಲಿ ಶೇ. 5ರಷ್ಟು ಸುಳ್ಳು ಪಾಸಿಟಿವ್ ಕೊಡುವ ಪರೀಕ್ಷೆ. ಪಾಸಿಟಿವ್ ಬಂದವರಿಗೆ ರೋಗವಿರುವ ಸಂಭವ ಎಷ್ಟು? ಸುಮಾರು ಅರ್ಧದಷ್ಟು ಜನ ಶೇ. 95 ಅಂದರು. ಸರಿಯುತ್ತರ ಸುಮಾರು ಶೇ. 2. ಅದನ್ನು ಹೇಳಿದವರು 11 ಜನ. ಎಂಬಿಬಿಎಸ್ ಓದುವ ನಮ್ಮ ಹುಡುಗರೂ ದಪ್ಪನೆಯ ‘ಪಾರ್ಕ್’ ಪುಸ್ತಕದಲ್ಲಿ ಈ ಲೆಕ್ಕ ಕಲಿತಿರುತ್ತಾರೆ. ಆದರೆ ಕಲಿಯುವುದು ಪರೀಕ್ಷೆಗೆ. ಒಪಿಡಿಯ ಸಾಲಿನಲ್ಲಿ ಅದು ನೆನಪಾಗಬೇಕಲ್ಲ.

ವೈದ್ಯರ ಪಾಡೂ ಇದೆ. ರಕ್ತದ ಕಲ್ಚರ್ ಮಾಡಿಸಿದರೆ ಫಲಿತಾಂಶಕ್ಕೆ ದಿನಗಳು ಬೇಕು, ಖರ್ಚು ಹೆಚ್ಚು, ಅದೂ ಟೈಫಾಯ್ಡಿನ ಅರ್ಧದಷ್ಟು ಪ್ರಕರಣಗಳನ್ನು ಬಿಟ್ಟುಬಿಡಬಹುದು. ಅಷ್ಟರಲ್ಲಿ ಮಾತ್ರೆ ಅಂಗಡಿಯ ಆಂಟಿಬಯೋಟಿಕ್ ಹೊಟ್ಟೆ ಸೇರಿದ್ದರಂತೂ ಇನ್ನೂ ಕಷ್ಟ. ಮಂಡಕ್ಕಿ ಭಟ್ಟಿಯ ದಿನಗೂಲಿ ಬಿಟ್ಟು ಬಂದವರು ‘ಯಾವ ಜ್ವರ ಅಂತ ಹೇಳ್ರಿ ಸಾಹೇಬ್ರ’ ಎಂದು ಕೂತರೆ, ಎರಡು ದಿನ ಕಾಯೋಣ ಅನ್ನುವುದು ಸುಲಭವಲ್ಲ. ಸಂಜೆಗೆ ಸಿಗುವ ಹೆಸರು ಇಬ್ಬರಿಗೂ ಸಮಾಧಾನ. ಆ ಹೆಸರಿನ ಹಿಂದೆ ಬೇರೆ ಜ್ವರ ಅಡಗಿದ್ದರೆ ಮಾತ್ರ ಗೊತ್ತಾಗುವುದು ತಡವಾಗಿ.

ಹಾಗಾಗಿ ಮೊದಲ ವಿಡಾಲನ್ನು ಹೇಗೋ ಕ್ಷಮಿಸಬಹುದು. ಚಿಕಿತ್ಸೆ ಮುಗಿದ ಮೇಲೆ ‘ಕ್ಲಿಯರ್ ಆಗೈತಾ’ ಎಂದು ನೋಡಲು ಮಾಡಿಸುವ ಎರಡನೆಯದಕ್ಕೆ ಯಾವ ಸಮರ್ಥನೆಯೂ ಇಲ್ಲ. ರೋಗ ವಾಸಿಯಾದರೂ ಪ್ರತಿಕಾಯಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಆ ಅಂಕಿ ನೋಡಿ ‘ಇನ್ನೂ ಮೈಯಾಗೇ ಐತಿ’ ಎಂದು ಮತ್ತೊಂದು ಸುತ್ತು ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರಿಗೆ ಜ್ವರ ಬಿಟ್ಟು ಆಗಲೇ ವಾರ ಕಳೆದಿರುತ್ತದೆ.