ಆಜೀವ ಸಂಗೀತಾಭ್ಯಾಸ ಮತ್ತು ವಾರ್ಧಕ್ಯದ ಸ್ಮರಣೆ

ಬಾಳುದ್ದಕ್ಕೂ ಸಂಗೀತಾಭ್ಯಾಸ ಮಾಡಿದವರನ್ನು ಮುಪ್ಪಿನ ಮರೆವು ಬಾಧಿಸದೆಂಬ ಮಾತು ಈಚೆಗೆ ಸಿದ್ಧಾಂತದಂತೆ ಬಳಕೆಯಾಗುತ್ತಿದೆ. ನಿದರ್ಶನಕ್ಕೆ ಧಾರವಾಡ-ಹುಬ್ಬಳ್ಳಿಯ ಹಿರಿಯ ಗಾಯಕರನ್ನು ಹೆಸರಿಸುವುದೂ ವಾಡಿಕೆ. ಈ ಮಾತಿನ ಆಧಾರವನ್ನು ಪರೀಕ್ಷಿಸುವುದು ಪ್ರಕೃತ ನಮ್ಮ ಉದ್ದೇಶ.

2011ರಲ್ಲಿ ಅಮೆರಿಕೆಯ ಹ್ಯಾನಾ-ಪ್ಲಾಡಿ ಮತ್ತು ಮೆಕೇ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವನ್ನು ಈ ವಾದದವರು ಮೇಲಿಂದ ಮೇಲೆ ಉದಾಹರಿಸುತ್ತಾರೆ. 60ರಿಂದ 83 ವರ್ಷ ವಯಸ್ಸಿನ 70 ಮಂದಿಯಲ್ಲಿ, ಹತ್ತು ವರ್ಷಕ್ಕೆ ಕಡಮೆಯಿಲ್ಲದೆ ವಾದ್ಯ ನುಡಿಸಿದವರು ದೃಶ್ಯಸ್ಮರಣೆ, ವಸ್ತುಗಳನ್ನು ಹೆಸರಿಸುವುದು ಮೊದಲಾದ ಪರೀಕ್ಷೆಗಳಲ್ಲಿ ಸಂಗೀತವನ್ನೇ ಕಲಿಯದವರಿಗಿಂತ ಮೇಲಾಗಿ ಕಂಡುಬಂದರು. ಆದರೆ ಇದು ಒಂದು ಸಲ ತೆಗೆದ ಅಳತೆ. ಅಭ್ಯಾಸದಿಂದ ಬುದ್ಧಿ ಉಳಿಯಿತೋ, ಬುದ್ಧಿಯೂ ಅನುಕೂಲವೂ ಇದ್ದವರೇ ಅಭ್ಯಾಸವನ್ನು ಮುಂದುವರಿಸಿದರೋ ಎಂಬುದನ್ನು ಇದರಿಂದ ನಿರ್ಣಯಿಸಲಾಗದು.

ನಮ್ಮ ಗಾಯಕರ ನಿದರ್ಶನದಲ್ಲಿಯೂ ಇದೇ ತೊಡಕು. ಮರೆವು ಆವರಿಸಿ ಹಾಡುವುದನ್ನೇ ಬಿಟ್ಟವರು ಯಾರ ಪಟ್ಟಿಗೂ ಸೇರುವುದಿಲ್ಲ. ಸೇರಿದವರಾದರೂ ಒಂದೇ ಬಗೆಯವರಲ್ಲ. ಮಲ್ಲಿಕಾರ್ಜುನ ಮನ್ಸೂರರು (1910–1992) ಮಂಜಿಖಾನ್, ಬುರ್ಜಿಖಾನರಿಂದ ಜಯಪುರ-ಅತ್ರೌಲಿ ಘರಾಣೆಯ ಅಪ್ರಚಲಿತ ರಾಗಗಳನ್ನು ಪಡೆದು ಇಳಿವಯಸ್ಸಿನಲ್ಲಿಯೂ ಹಾಡಿದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರು (1913–2009) ಬಹುಮಟ್ಟಿಗೆ ಪ್ರಸಿದ್ಧ ರಾಗಗಳನ್ನೇ ವಿಸ್ತರಿಸಿದವರು. ತೊಂಬತ್ತು ದಾಟಿದ ಮೇಲೆ, 2006ರಲ್ಲಿಯೂ ಕಛೇರಿ ಮಾಡಿದರು. ರಾಗಗಳ ಸಂಖ್ಯೆಯಿಂದ ಸ್ಮರಣೆಯನ್ನು ಅಳೆಯುವುದಾದರೆ ಈ ಇಬ್ಬರನ್ನೂ ಒಂದೇ ಮಾತಿಗೆ ಸಾಕ್ಷಿಯಾಗಿ ಕರೆಯುವುದು ಹೇಗೆ?

ಖ್ಯಾಲಿನ ಬಂದಿಶು ಕೆಲವೇ ಸಾಲುಗಳದು. ಉಳಿದ ಹೊತ್ತೆಲ್ಲ ಗಾಯಕನು ರಾಗದ ಚಲನೆಯನ್ನು ಕೆಡಿಸದೆ, ತಾನು ಈಗಾಗಲೇ ಹಾಡಿದುದೇನು, ಸಮ್ ಎಷ್ಟು ದೂರವಿದೆ ಎಂಬುದನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿರಬೇಕು. ಇದು ಕಂಠಪಾಠಕ್ಕಿಂತ ತೀರ ಭಿನ್ನವಾದ ಶಕ್ತಿ. ಆಲ್‌ಝೈಮರ್ ರೋಗದಲ್ಲಿ ಮಕ್ಕಳ ಹೆಸರು ಅಳಿಸಿಹೋದ ಮೇಲೂ ಬಾಲ್ಯದ ಹಾಡು ಉಳಿದಿರುವುದುಂಟು. ಮನೆಯವರು ಅದನ್ನು ಕೇಳಿ ರೋಗ ಹಿಮ್ಮೆಟ್ಟಿತೆಂದು ನಂಬುತ್ತಾರೆ. ಪಾಪ, ಅವರ ಆಸೆ ಸಹಜ. ವಿದ್ವಾಂಸರು ಅದೇ ತಪ್ಪನ್ನು ಮಾಡಬಾರದು.

ಸಂಗೀತದ ಮಹತ್ತ್ವವನ್ನು ಕುಗ್ಗಿಸುವುದು ನಮ್ಮ ಇಚ್ಛೆಯಲ್ಲ. ಈ ಭೇದವನ್ನು ಒಪ್ಪಿದರೆ ಪರೀಕ್ಷೆಯ ದಾರಿಯೇ ಬದಲಾಗುತ್ತದೆ. ವೇದಿಕೆ ಏರಿದವರ ಜೊತೆಗೆ ಭಜನೆಯ ಮೇಳದವರನ್ನೂ ಸೋಬಾನೆ ಹಾಡುವ ಅಜ್ಜಿಯರನ್ನೂ ನಡುವೆ ಹಾಡು ಬಿಟ್ಟವರನ್ನೂ ಹಲವು ವರ್ಷ ಒಂದೇ ಸಮನೆ ಗಮನಿಸಬೇಕು. ಕಲಿತ ಹಾಡಿನ ನೆನಪನ್ನೂ ನಿನ್ನೆ ನಡೆದ ಸಂಗತಿಯ ನೆನಪನ್ನೂ ಬೇರೆ ಬೇರೆಯಾಗಿ ಕೇಳಿ ಬರೆದಿಡಬೇಕು.