ಯಾವ ಹುಲ್ಲು?

ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದ ಬಹಳ ಜನಪ್ರಿಯವಾದ ಪದ್ಯವೊಂದು ಬೆಟ್ಟದ ಬುಡದ ಹುಲ್ಲಿನಂತೆ ಬಾಳು ಎಂದು ಮನುಷ್ಯನಿಗೆ ಹೇಳುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲೋ ಬೀಳ್ಕೊಡುಗೆ ಸಮಾರಂಭದಲ್ಲೋ ಅದನ್ನು ಕೇಳಿಸಿಕೊಳ್ಳದ ಕನ್ನಡಿಗರು ಕಡಿಮೆ. ಪದ್ಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೇಳಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಯಾವ ಹುಲ್ಲು?

ಇದು ಕುಹಕದ ಪ್ರಶ್ನೆಯಲ್ಲ. ಭಾರತದಲ್ಲಿ ಹುಲ್ಲಿನ ಕುಟುಂಬಕ್ಕೆ ಸೇರಿದ ಸುಮಾರು 1500 ಪ್ರಭೇದಗಳಿವೆ. ಹುಲ್ಲಿನಂತೆಯೇ ಕಾಣುವ, ಆದರೆ ಹುಲ್ಲಲ್ಲದ ಜೇಕಿನ ಜಾತಿಯವು ಐನೂರಕ್ಕೂ ಹೆಚ್ಚು. ಜೇಕಿನ ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ಸಾಮಾನ್ಯವಾಗಿ ಮೂರು ಅಂಚು ಸಿಗುತ್ತವೆ; ಹುಲ್ಲಿನದು ಗುಂಡಗೆ, ಗೆಣ್ಣುಗಳ ನಡುವೆ ಹೆಚ್ಚಾಗಿ ಪೊಳ್ಳು. ಹೊಲದಲ್ಲಿ ಕೊನ್ನಾರಿ ಗಡ್ಡೆ ಕಿತ್ತು ಸುಸ್ತಾದ ರೈತನಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. ಗರಿಕೆ, ದರ್ಭೆ, ಲಾವಂಚ, ಮಜ್ಜಿಗೆಹುಲ್ಲು, ಮಾಡಿಗೆ ಹೊದಿಸುವ ಬಾದೆಹುಲ್ಲು, ಪೊರಕೆಯ ಹಂಚಿಕಡ್ಡಿ, ಮಲೆನಾಡಿನ ಕರಡ — ಆಡುಮಾತಿನಲ್ಲಿ ಹೆಸರುಗಳಿಗೆ ಬರವಿಲ್ಲ. ಕಾವ್ಯಕ್ಕೆ ಬಂದ ಕೂಡಲೇ ಇವೆಲ್ಲ ‘ಹುಲ್ಲು’ ಎಂಬ ಒಂದೇ ಮಾತಿನಲ್ಲಿ ಕರಗುತ್ತವೆ.

ಕರಗಿದ ಮೇಲೆ ಉಳಿಯುವುದು ಅಲ್ಪತೆಯ ಅರ್ಥ ಮಾತ್ರ. ಸೋತ ವೀರ ಹುಲ್ಲು ಕಚ್ಚಿ ಶರಣಾಗುತ್ತಾನೆ. ಲೆಕ್ಕಕ್ಕಿಲ್ಲದ್ದು ತೃಣಸಮಾನ. ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು. ನೋಡುವವನು ನಿಂತಿದ್ದಾನೆ, ಹುಲ್ಲು ಅವನ ಕಾಲಡಿಯಲ್ಲಿದೆ. ನಮ್ಮ ರೂಪಕಗಳೆಲ್ಲ ಆ ಎತ್ತರದಿಂದ ಹುಟ್ಟಿದವು. ಕಗ್ಗದ ಪದ್ಯ ಅದೇ ಅಲ್ಪತೆಯನ್ನು ಗುಣವೆಂದು ಬಗೆದು ವಿನಯವಾಗಿ ತಿರುಗಿಸಿತು, ಅದು ದೊಡ್ಡ ತಿರುವೇ. ಆದರೆ ಹುಲ್ಲು ವಿನಯಶೀಲವೇ? ಅದು ಬೆಳೆಯುವ ಜಾಗ ತುದಿಯಲ್ಲಿಲ್ಲ, ಬುಡದ ಹತ್ತಿರವಿದೆ. ದನ ಮೇಯ್ದರೂ ಕುಡುಗೋಲು ಆಡಿಸಿದರೂ ಮತ್ತೆ ಏಳುವುದು ಅದಕ್ಕೇ. ಗಣಪತಿಯ ತಲೆಯ ಮೇಲಿನ ಗರಿಕೆ, ಗೆಣ್ಣುಗೆಣ್ಣಿಗೂ ಬೇರುಬಿಟ್ಟು ಹೊಲವನ್ನೇ ಆಕ್ರಮಿಸುವ ಗಿಡವೂ ಹೌದು. ಅದನ್ನು ಕಿತ್ತವರು ಯಾರೂ ವಿನಯದ ಮಾತಾಡಲಾರರು.

ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿ. ಅವರ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆಯ ಪದ್ಯದಲ್ಲಿ ಗುಣವಾಗಿದ್ದ ಗಿಡ ಮಗನ ಗದ್ಯದಲ್ಲಿ ಹೆಸರು, ಊರು, ತಮಾಷೆ ಎಲ್ಲವನ್ನೂ ಪಡೆಯಿತು. ಆ ಕಣ್ಣು ಹುಲ್ಲಿನ ಮೇಲೆ ಅಷ್ಟೇ ದೀರ್ಘವಾಗಿ ನೆಟ್ಟಿದ್ದರೆ ಎಂದು ಆಸೆಯಾಗುತ್ತದೆ. (ಹುಲ್ಲಿನ ಪಂಡಿತರೂ ಆಯ್ದೇ ನೋಡುತ್ತಾರೆ. ಎನ್.ಎಲ್. ಬೋರ್ 1960ರಲ್ಲಿ ಈ ಉಪಖಂಡದ ಹುಲ್ಲುಗಳ ಬಗ್ಗೆ ಬರೆದ ಹೆಬ್ಬೊತ್ತಗೆ ಬಿದಿರನ್ನು ಹೊರಗಿಟ್ಟಿದೆ. ಬಿದಿರೂ ಹುಲ್ಲೇ.)

ಹುಲ್ಲನ್ನು ಒಂದೊಂದಾಗಿ ಕಂಡ ಕನ್ನಡ ಕಾವ್ಯವೇ ಇಲ್ಲವೆನ್ನಲಾಗದು. ಕನಕದಾಸರ ‘ರಾಮಧಾನ್ಯಚರಿತೆ’ ಇದೆ. ಭತ್ತ, ರಾಗಿ ಎರಡೂ ಹುಲ್ಲಿನ ಕುಟುಂಬದವೇ. ಹಾಗಾಗಿ ಅದು ಎರಡು ಹುಲ್ಲುಗಳ ಜಗಳದ ಕಾವ್ಯ. ಶ್ರೇಷ್ಠ ಯಾರು ಎಂಬ ವಾದ ರಾಮನ ಎದುರು ಬರುತ್ತದೆ. ಅವನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಬರುವಾಗ ಭತ್ತ ಕಂಗೆಟ್ಟಿದೆ, ರಾಗಿ ಹೋದಂತೆಯೇ ಬಂದಿದೆ. ಇದನ್ನು ಮೇಲುಕೀಳಿನ, ಜಾತಿಯ, ದುಡಿಯುವವರ ಕಥೆಯಾಗಿ ಓದುವ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಸರಿಯಾದ ಓದೇ. ಆದರೆ ಆ ಓದಿನಲ್ಲಿ ಧಾನ್ಯಗಳು ಬರೀ ವೇಷವಾಗಿಬಿಡುತ್ತವೆ, ಒಳಗಿರುವ ಮನುಷ್ಯರನ್ನು ಗುರುತಿಸಿದ ಮೇಲೆ ವೇಷವನ್ನು ಕಳಚಿಡುತ್ತೇವೆ. ಕನಕದಾಸರು ಹಾಗೆ ಮಾಡಿಲ್ಲ. ತೀರ್ಪು ನಿಂತಿರುವುದು ಶಾಸ್ತ್ರದ ಮೇಲಲ್ಲ, ರಾಗಿಯ ಕಾಳಿನ ಮೇಲೆ. ಅದು ಸಣ್ಣದು, ಗಟ್ಟಿ, ಹುಳು ಸುಲಭವಾಗಿ ಹಿಡಿಯದು. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಸೆರೆಮನೆ ಬೇರೇನಲ್ಲ, ಹಗೇವೇ. ಮಳೆ ಕೈಕೊಟ್ಟ ವರ್ಷ ಹಗೇವು ತೆರೆದು ಉಂಡವರಿಗೆ ಈ ಕಥೆಯ ತೀರ್ಪು ಮೊದಲೇ ಗೊತ್ತಿತ್ತು. ಧಾನ್ಯದ ಗುಣ ನಿಜವಾಗಿರುವುದರಿಂದಲೇ ಸಾಮಾಜಿಕ ವಾದಕ್ಕೆ ಅಷ್ಟು ಬಲ ಬಂದಿದೆ. ಈ ಕಾವ್ಯವನ್ನು ಪಾಠ ಮಾಡುವವರು ತರಗತಿಗೆ ಒಂದು ರಾಗಿತೆನೆಯನ್ನೂ ರಸ್ತೆಬದಿಯಲ್ಲಿ ಕಳೆಯಾಗಿ ಬೆಳೆಯುವ ಅದರ ಹತ್ತಿರದ ಬಂಧುವನ್ನೂ ಒಯ್ಯಬಹುದು. ಬೆರಳು ಚಾಚಿದಂಥ ತೆನೆ ಎರಡರಲ್ಲೂ ಇದೆ, ಒಂದರದ್ದು ತುಂಬಿದ ಮುಷ್ಟಿ, ಇನ್ನೊಂದರದ್ದು ಬಡಕಲು ಬೆರಳು.

ನಮ್ಮ ಭಾಷೆಗೆ ಈ ನೆಂಟಸ್ತಿಕೆ ಗೊತ್ತಿದೆ. ತೆನೆ ಕೊಯ್ದ ಮೇಲೆ ಉಳಿದದ್ದನ್ನು ನಾವು ರಾಗಿಹುಲ್ಲು, ಭತ್ತದ ಹುಲ್ಲು ಎಂದೇ ಕರೆಯುತ್ತೇವೆ. ಕಾಳು ಕಳಚಿದೊಡನೆ ಅನ್ನ ಮತ್ತೆ ಹುಲ್ಲಾಗುತ್ತದೆ.

ಹೆಸರಿಲ್ಲದ ಹುಲ್ಲು ಕಾವ್ಯದಲ್ಲಷ್ಟೇ ಇದ್ದಿದ್ದರೆ ಇದು ರಸಿಕರ ಜಗಳವಾಗಿ ಮುಗಿಯುತ್ತಿತ್ತು. ಕಂದಾಯ ತಾರದ ನೆಲವನ್ನು ಬ್ರಿಟಿಷ್ ಆಡಳಿತ ಬಂಜರು ಎಂದು ಬರೆದುಕೊಂಡಿತು. ಆ ಪದವನ್ನು ನಾವು ಬದಲಿಸಲಿಲ್ಲ. ನೀಲಗಿರಿಯ ಶೋಲಾ ಹುಲ್ಲುಗಾವಲಿನ ಮೇಲೆ ವಾಟಲ್, ನೀಲಗಿರಿ ಮರಗಳನ್ನು ನೆಟ್ಟವರು ಹಸಿರು ಹೆಚ್ಚಿಸುತ್ತಿದ್ದೇವೆಂದೇ ನಂಬಿದ್ದರು. ಮರ ಕಡಿದರೆ ಮರುಗುವ ಓದುಗವರ್ಗವನ್ನು ನಮ್ಮ ಸಾಹಿತ್ಯ ಬೆಳೆಸಿದೆ, ಹುಲ್ಲು ಹೋದರೆ ಏನು ಹೋಯಿತೆಂದು ಕೇಳುವವರನ್ನು ಬೆಳೆಸಿಲ್ಲ. ಇದನ್ನು ವಿಮರ್ಶೆಯ ಸೋಲೆಂದೂ ನಾನು ಎಣಿಸುತ್ತೇನೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದಾಗ, ಅದು ಖಾಲಿ ಜಾಗವಲ್ಲ ಎಂದು ವಾದಿಸಲು ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಆ ಕಾವಲಿನಲ್ಲಿ ಕುರಿಗಳು ಮೇಯುತ್ತಿದ್ದವು. ಅವುಗಳ ಉಣ್ಣೆಯಿಂದ ಕಂಬಳಿ ನೇಯುವವರು ಸುತ್ತಲ ಹಳ್ಳಿಗಳಲ್ಲೇ ಇದ್ದರು.